ಹ್ಯಾಂಡಲ್ ಸೊಟ್ಟ ಆಗದಿರಲು ಒಂದು ಪ್ಲೈ ತುಂಡು

ಅಡುಗೆಮನೆಯ ಕ್ಯಾಬಿನೆಟ್ ಬಾಗಿಲು, ಅಂದರೆ ಶಟರ್‌ಗಳನ್ನೆಲ್ಲ ಕೂರಿಸಿ, ಹ್ಯಾಂಡಲ್ ಹಾಕುವುದೊಂದು ಬಾಕಿ ಇಟ್ಟು ನಮ್ಮ ಆಚಾರ್ರು ಮದುವೆ ಅಂತ ಊರಿಗೆ ಹೋದರು. ಹದಿನೈದು ದಿನ ಅಂದವರು ತಿಂಗಳಾದರೂ ಪತ್ತೆಯಿಲ್ಲ. ಶಟರ್ ಅಂಚಿಗೆ ಉಗುರು ಸಿಕ್ಕಿಸಿ ಎಳೆದೂ ಎಳೆದೂ ಸಾಕಾಗಿ ನನ್ನ ಹೆಂಡತಿ, "ಮನೇಲಿ ಡ್ರಿಲ್ ಮಷಿನ್ ಇದೆಯಲ್ರೀ, ನೀವೇ ಹಾಕಿ" ಅಂದಳು.

ಮೊದಲ ಎರಡನ್ನು ಟೇಪು, ಪೆನ್ಸಿಲ್ ಹಿಡಿದು ಹಾಕಿದೆ. ಸಿಂಕ್ ಕೆಳಗಿನ ಜೋಡಿ ಶಟರ್. ಅಳತೆ ಎರಡೆರಡು ಸಲ ನೋಡಿದ್ದೆ, ಆದರೂ ಬಲಗಡೆಯದು 3 ಎಂಎಂ ಮೇಲೆ. ಕೆನೆ ಬಣ್ಣದ ಲ್ಯಾಮಿನೇಟ್ ಮೇಲೆ ಕಪ್ಪು ಹ್ಯಾಂಡಲ್, ಮುಚ್ಚಿಡೋಕೆ ಎಲ್ಲಿಯ ದಾರಿ! ಹಾಲ್‌ನಿಂದ ನೋಡಿದರೆ ಯಾರೋ ಒಂದು ಹುಬ್ಬು ಏರಿಸಿ ನಿಂತ ಹಾಗಿದೆ. ಇನ್ನೂ ಹನ್ನೆರಡು ಶಟರ್, ನಾಲ್ಕು ಡ್ರಾಯರ್ ಬಾಕಿ. ಪ್ರತಿ ಸಲ ಅಳೆದರೆ ಪ್ರತಿ ಸಲ ತಪ್ಪುವ ಅವಕಾಶ. ಒಂದೇ ಸಲ ಅಳೆದು ಅದನ್ನು ಮರದಲ್ಲಿ ಹಿಡಿದಿಡೋಣ ಅಂತ ಜಿಗ್, ಅಂದರೆ ಪ್ರತಿ ಸಲ ಒಂದೇ ಜಾಗದಲ್ಲಿ ತೂತು ಬೀಳುವಂತೆ ದಾರಿ ತೋರಿಸುವ ಅಚ್ಚು, ಮಾಡಲು ಕೂತೆ.

ಬೇಕಾದ್ದು ಇಷ್ಟೇ: 12 ಎಂಎಂ ಪ್ಲೈವುಡ್ ತುಂಡು, 100 ಅಗಲ, 220 ಉದ್ದ. 40 ಎಂಎಂ ಅಗಲದ ಎರಡು ಮರದ ಪಟ್ಟಿ. ಫೆವಿಕಾಲ್, ನಾಲ್ಕು ಸ್ಕ್ರೂ, ಮೂಲೆಮಟ್ಟ. ಪ್ಲೈ ತುಂಡಿನ ಒಂದು ಮೂಲೆಯಾದರೂ ಪಕ್ಕಾ 90 ಡಿಗ್ರಿ ಇರಬೇಕು. ಅಂಗಡಿಯಲ್ಲಿ ಮಷಿನ್‌ನಲ್ಲಿ ಕೊಯ್ಸಿಕೊಂಡು ಬಂದರೆ ಆ ತಲೆನೋವಿಲ್ಲ.

ಹ್ಯಾಂಡಲ್‌ನ ಎರಡು ತೂತುಗಳ ನಡುವಿನ ಅಂತರ ಮೊದಲು ಗೊತ್ತಾಗಬೇಕು. ಪ್ಯಾಕೆಟ್ ಮೇಲೆ 96, 128, 160 ಅಂತ ಇರುವುದು ಅದೇ, ಹ್ಯಾಂಡಲ್‌ನ ಒಟ್ಟು ಉದ್ದ ಅಲ್ಲ. ನನ್ನದು 128. ಅಂಗಡಿಯವನು "ಐದಿಂಚಿಂದು ಸಾರ್" ಅಂದಿದ್ದ. ಐದಿಂಚು ಅಂದರೆ 127. ಆ ಐದಿಂಚನ್ನು ನಂಬಿ ಬಿಗಿಯಾಗಿ ತೂತು ಹೊಡೆದರೆ ಒಂದು ಸ್ಕ್ರೂ ಕೂತು ಇನ್ನೊಂದು ಹಟ ಹಿಡಿಯುತ್ತೆ. ನಾನು ಅಳತೆಯ ಗೋಜಿಗೇ ಹೋಗಲಿಲ್ಲ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಸಿಂಹ ಮೂಡಿಸುತ್ತಿದ್ದೆವಲ್ಲ, ಹಾಗೇ. ಹ್ಯಾಂಡಲ್ ಅಂಗಾತ ಮಲಗಿಸಿ, ಎರಡೂ ಕಾಲಿನ ಮೇಲೆ ಕಾಗದ ಬಿಗಿಯಾಗಿ ಹಿಡಿದು ಉಜ್ಜಿದೆ. ಎರಡು ತೂತೂ ದುಂಡಗೆ ಮೂಡಿದವು. ಎರಡರ ನಡುಮಧ್ಯಕ್ಕೆ ಚುಕ್ಕಿ ಇಟ್ಟು, ಗೆರೆ ಎಳೆದು, ಆ ಕಾಗದವನ್ನೇ ಪ್ಲೈ ಮೇಲೆ ಅಂಟಿಸಿದೆ: ಪಕ್ಕದ ಅಂಚಿನಿಂದ 40, ಮೇಲಿನ ಅಂಚಿನಿಂದ ಮೊದಲ ತೂತಿಗೆ 60. ಇದು ನನ್ನ ಲೆಕ್ಕ. ನಿಮಗೆ ಎಲ್ಲಿ ಚಂದ ಅನ್ನುವುದನ್ನು ಹ್ಯಾಂಡಲ್‌ಗೆ ಟೇಪ್ ಹಚ್ಚಿ ಶಟರ್ ಮೇಲೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ.

ಪ್ಲೈಗೆ 3 ಎಂಎಂ ತೂತು ಹೊಡೆಯುವಾಗ ಬಿಟ್ ಓರೆಯಾಗಬಾರದು. ಓರೆಯಾದರೆ ಜಿಗ್ ಮಗುಚಿದ ಕೂಡಲೇ ಅಳತೆ ಬದಲಾಗುತ್ತೆ. ನಾನು ಕೈ ನಂಬದೆ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯ ಸ್ಟ್ಯಾಂಡ್ ಡ್ರಿಲ್‌ನಲ್ಲಿ ಹೊಡೆಸಿದೆ. ಇಪ್ಪತ್ತು ರೂಪಾಯಿ ತಗೊಂಡರು.

ಇನ್ನು ಪಟ್ಟಿಗಳು. ಒಂದು ಮೇಲಿನ ಅಂಚಿಗೆ, ಒಂದು ಪಕ್ಕದ ಅಂಚಿಗೆ. ಪ್ಲೈ ದಪ್ಪ 12, ಪಟ್ಟಿ 40, ನಡುವೆ ಕೂರಿಸಿದರೆ ಎರಡೂ ಮುಖಕ್ಕೆ 14 ಎಂಎಂ ತುಟಿ ಹೊರಗೆ ಬರುತ್ತೆ. ಜಿಗ್‌ನ ಜೀವ ಇರುವುದು ಇಲ್ಲೇ. ತುಟಿಯನ್ನು ಶಟರ್ ಮೂಲೆಗೆ ಒತ್ತಿದರೆ ಸಾಕು, ಅದು ತಾನೇ ಜಾಗ ಹಿಡಿಯುತ್ತೆ. ಮಗುಚಿದರೆ ಎಡ ಶಟರ್‌ನದು ಬಲಕ್ಕೆ. ಮೇಲಿನ ಕ್ಯಾಬಿನೆಟ್‌ಗೆ ಹ್ಯಾಂಡಲ್ ಕೆಳಗೆ ಬರಬೇಕಲ್ಲ, ಅಲ್ಲಿಗೆ ತಲೆಕೆಳಗು ಹಿಡಿದರಾಯ್ತು. ಎರಡು ಪಟ್ಟಿ ಸೇರುವ ಮೂಲೆಯಲ್ಲಿ ಒಂದು ಸೆಂಟಿಮೀಟರ್ ಖಾಲಿ ಬಿಡಿ. ಇಲ್ಲದಿದ್ದರೆ ಮರದ ಪುಡಿ ಅಲ್ಲಿ ಕೂತು ಜಿಗ್ ಪೂರ್ತಿ ಒತ್ತಿಕೊಳ್ಳುವುದಿಲ್ಲ.

ತೂತು ಹೊಡೆಯುವುದು ಮುಂಭಾಗದಿಂದ, ಶಟರ್ ತೆರೆದಿಟ್ಟು. ಹಿಂದೆ ಒಂದು ರದ್ದಿ ಮರದ ತುಂಡನ್ನು ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ. ಇದನ್ನು ಬಿಟ್ಟರೆ ಬಿಟ್ ಹೊರಬರುವ ಕಡೆ ಲ್ಯಾಮಿನೇಟ್ ಹಪ್ಪಳದ ಹಾಗೆ ಸಿಡಿಯುತ್ತೆ. ಗೋಡೆಗೆ ತೂತು ಹೊಡೆದು ಅಭ್ಯಾಸವಾದವರು ಮಷಿನ್‌ನ ಹ್ಯಾಮರ್ ಗುಂಡಿ ಬಂದ್ ಮಾಡಿದ್ದೀರಾ ನೋಡಿಕೊಳ್ಳಿ. ಜಿಗ್ ಇಟ್ಟು 3 ಎಂಎಂ ಬಿಟ್‌ನಲ್ಲಿ ನಿಧಾನವಾಗಿ ಪೂರ್ತಿ ಆಚೆ ದಾಟಿಸಿ, ಜಿಗ್ ತೆಗೆದು, ಅದೇ ತೂತನ್ನು 4.5ರ ಬಿಟ್‌ನಲ್ಲಿ ದೊಡ್ಡದು ಮಾಡಿ. ಹ್ಯಾಂಡಲ್ ಸ್ಕ್ರೂ 4 ಎಂಎಂ, ಆ ಅರ್ಧ ಎಂಎಂ ಸಡಿಲ ಬೇಕೇ ಬೇಕು.

ಸ್ಕ್ರೂ ಉದ್ದ: 18ರ ಪ್ಲೈ, ಎರಡು ಬದಿಯ ಲ್ಯಾಮಿನೇಟ್ ಸೇರಿ ಹತ್ತಿರಹತ್ತಿರ 20. ಅದಕ್ಕೆ 25 ಎಂಎಂ ಸ್ಕ್ರೂ ಸರಿ. ಡ್ರಾಯರ್‌ನಲ್ಲಿ ಎರಡು ಹಲಗೆ ಸೇರಿರುವುದರಿಂದ ಇದು ಸಾಲಲ್ಲ, ಒಟ್ಟು ದಪ್ಪಕ್ಕೆ ಐದಾರು ಎಂಎಂ ಕೂಡಿಸಿ ಕೊಳ್ಳಿ. ಡ್ರಾಯರ್‌ಗೆ ಜಿಗ್ ಕೂಡ ಬೇರೆ: ಮೇಲೊಂದೇ ಪಟ್ಟಿ, ನಡುಗೆರೆ, ಗೆರೆಯ ಆಚೆ 64, ಈಚೆ 64. ಡ್ರಾಯರ್‌ನ ನಡುಮಧ್ಯ ಗುರುತು ಮಾಡಿ ಗೆರೆಗೆ ಗೆರೆ ಕೂರಿಸಿದರೆ ಮುಗಿಯಿತು.

ಹೊಡೆಯುವ ಮುಂಚೆ ಪ್ರತಿ ಶಟರ್‌ಗೂ ಕೀಲು ಯಾವ ಕಡೆ ಅಂತ ನೋಡಿ, ಅದರ ಎದುರು ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಟೇಪ್ ಇದ್ದಲ್ಲಿ ಮಾತ್ರ ಜಿಗ್. ಏಳನೆಯ ಶಟರ್ ಹೊತ್ತಿಗೆ ಕರೆಂಟ್ ಹೋಯಿತು, ಊಟ ಮುಗಿಸಿ ಬಂದವನು ಟೇಪ್ ನೋಡದೆ ಕೀಲಿನ ಪಕ್ಕದಲ್ಲೇ ತೂತು ಹೊಡೆದೆ, ಅದೂ ಬಹಳ ಅಚ್ಚುಕಟ್ಟಾಗಿ. ಊದಬತ್ತಿಯ ಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತುಂಬಿ, ಒಣಗಿದ ಮೇಲೆ ಬ್ಲೇಡಿನಿಂದ ಸಮ ಮಾಡಿದೆ. ಈಗ ಅಲ್ಲಿ ಮೇಲೊಂದು, ಕೆಳಗೊಂದು ಸ್ಟಿಕ್ಕರ್ ಇದೆ: ಒಂದು ಗ್ಯಾಸ್ ಬುಕಿಂಗ್ ನಂಬರಿನದು, ಇನ್ನೊಂದು ಹಾಲಿನವನದು.