ಹಳೇ ಇಪಿಎಸ್ ಫೈಲಿನಿಂದ ಅಸಲಿ ಡಿಸೈನ್ ಹೊರತೆಗೆಯುವುದು ಹೇಗೆ?

ಸಾಗರದ ಮಾರಿಕಾಂಬಾ ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ. ಹಳೇ ಪೋಸ್ಟರಿನ ಡಿಸೈನನ್ನೇ ಬಳಸೋಣವೆಂದು ಶಿವಮೊಗ್ಗ, ಸಾಗರದ ಪ್ರೆಸ್ಸುಗಳಲ್ಲಿ ಹಳೇ ಸಿಡಿ ಹುಡುಕಿದರೆ ಸಿಗುವುದು ಇಪಿಎಸ್ ಫೈಲು, ಅಂದರೆ ಅಚ್ಚಿನ ಡಿಸೈನ್ ಇಡುವ ಹಳೇ ಬಗೆಯ ಫೈಲು. ಮೈಕ್ರೋಸಾಫ್ಟ್ ಆಫೀಸ್ 2017ರಿಂದ ಇಪಿಎಸ್ ಸೇರಿಸಲು ಬಿಡುತ್ತಿಲ್ಲ. ಬೇರೆ ಕಡೆ ತೆರೆದರೂ ಕೆಲವೊಮ್ಮೆ ಮಸುಕು ಚಿತ್ರವಷ್ಟೇ ಕಾಣುತ್ತದೆ. ಅಷ್ಟಕ್ಕೇ ಡಿಸೈನ್ ಹೋಯಿತೆಂದು ಹೊಸದಾಗಿ ಮಾಡಲು ಕೂರಬೇಡಿ. ನೀವು ನೋಡುತ್ತಿರುವುದು ಒಳಗಿನ ಪ್ರಿವ್ಯೂ (ಪರದೆಯಲ್ಲಿ ತೋರಿಸಲೆಂದು ಇಟ್ಟ ಮಸುಕು ಚಿತ್ರ) ಮಾತ್ರ ಇರಬಹುದು.

ವಿಂಡೋಸ್‌ನಲ್ಲಿ ಪ್ರಿವ್ಯೂ ಸಮೇತ ಉಳಿಸಿದ ಇಪಿಎಸ್‌ನಲ್ಲಿ ಮೊದಲು 30 ಬೈಟುಗಳ ಹೆಡರ್, ಅಂದರೆ ಒಳಗೇನಿದೆ ಎಂಬ ಪಟ್ಟಿ ಇರುತ್ತದೆ. ಅಸಲಿ ಡಿಸೈನ್ ಆದ ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ವಿವರಿಸುವ ಭಾಷೆ) ಭಾಗ ಮತ್ತು ಟಿಫ್ ಅಥವಾ ಡಬ್ಲ್ಯುಎಂಎಫ್ ಎಂಬ ಚಿತ್ರದ ಬಗೆಯಲ್ಲಿರುವ ಪ್ರಿವ್ಯೂ ಎಲ್ಲಿವೆ ಎಂಬುದು ಅದರಲ್ಲೇ ಬರೆದಿರುತ್ತದೆ.

ಮೊದಲು ಫೈಲಿನ ನಕಲು ಮಾಡಿಕೊಳ್ಳಿ. ಉಬುಂಟುವಿನಲ್ಲಿ (ಲಿನಕ್ಸ್ ಕಂಪ್ಯೂಟರಿನಲ್ಲಿ) ಇಪಿಎಸ್‌ಟೂಲ್ ಎಂಬ ತಂತ್ರಾಂಶ ಹಾಕಿಕೊಂಡು, ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆಯಿರಿ. ಕೆಳಗಿನ ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು; ಹಳೆಯದು.ಇಪಿಎಸ್ ಇರುವಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ.

ಇಪಿಎಸ್‌ಟೂಲ್ --ಎಕ್ಸ್‌ಟ್ರಾಕ್ಟ್-ಪೋಸ್ಟ್‌ಸ್ಕ್ರಿಪ್ಟ್ ಹಳೆಯದು.ಇಪಿಎಸ್ ಹೊಸದು.ಇಪಿಎಸ್

ಪ್ರಿವ್ಯೂ ಬೇಕಿದ್ದರೆ:

ಇಪಿಎಸ್‌ಟೂಲ್ --ಎಕ್ಸ್‌ಟ್ರಾಕ್ಟ್-ಪ್ರಿವ್ಯೂ ಹಳೆಯದು.ಇಪಿಎಸ್ ನೋಟ.ಟಿಫ್

ಪ್ರಿವ್ಯೂವನ್ನು ಅಚ್ಚಿಗೆ ಕಳಿಸಬೇಡಿ, ಅದರ ರೆಸಲ್ಯೂಷನ್ ಪರದೆಗಷ್ಟೇ ಸಾಲುತ್ತದೆ. ಹೊಸ ಇಪಿಎಸ್ ಅನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದಾಗ ಮೊದಲ ಸಾಲು %!ಪಿಎಸ್-ಅಡೋಬಿ ಎಂದು ಶುರುವಾದರೆ ಕೆಲಸ ಆಗಿದೆ.

ದೋಷ ಬಂದರೆ ಹೆಡರನ್ನು ನೀವೇ ಓದಿ: ಎಕ್ಸ್‌ಎಕ್ಸ್‌ಡಿ -ಎಲ್ 30 ಹಳೆಯದು.ಇಪಿಎಸ್. ಇದು ಬೈಟುಗಳನ್ನು ಹೆಕ್ಸ್‌ನಲ್ಲಿ, ಅಂದರೆ 0ರಿಂದ 9 ಮತ್ತು ಎಯಿಂದ ಎಫ್ ಬಳಸುವ ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. ಮೊದಲ ನಾಲ್ಕು ಬೈಟು ಸಿ5 ಡಿ0 ಡಿ3 ಸಿ6 ಇರಬೇಕು. ನೇರವಾಗಿ %! ಕಂಡರೆ ಅದು ಹೆಡರ್ ಇಲ್ಲದ ಇಪಿಎಸ್, ಹೊರತೆಗೆಯುವ ಪ್ರಶ್ನೆಯೇ ಇಲ್ಲ. ಮುಂದಿನ ನಾಲ್ಕು ಬೈಟು ಪೋಸ್ಟ್‌ಸ್ಕ್ರಿಪ್ಟ್ ಶುರುವಾಗುವ ಜಾಗ, ಅದರ ನಂತರದ ನಾಲ್ಕು ಅದರ ಉದ್ದ. ಇವನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ಇಲ್ಲೇ ಹೆಚ್ಚಿನವರು ಎಡವುವುದು. 1ಇ 00 00 00 ಎಂದರೆ 30. 00 90 01 00 ಅನ್ನು 00019000 ಎಂದು ಓದಿದರೆ 102400 ಬೈಟು. ಅಂದರೆ ಎರಡೂ ಕೂಡಿ ಫೈಲು ಕನಿಷ್ಠ 102430 ಬೈಟು ಇರಬೇಕು. ಅದಕ್ಕಿಂತ ಚಿಕ್ಕದಿದ್ದರೆ ಕಾಪಿಯಾಗುವಾಗ ಅರ್ಧಕ್ಕೆ ತುಂಡಾಗಿದೆ, ಬೇರೆ ಪ್ರತಿ ಹುಡುಕಲೇಬೇಕು. ಎಫ್‌ಟಿಪಿಯ (ನೆಟ್‌ನಲ್ಲಿ ಫೈಲು ಕಳಿಸುವ ವಿಧಾನ) ಟೆಕ್ಸ್ಟ್ ಮೋಡಿನಲ್ಲಿ ಕಳಿಸಿದ ಫೈಲಿನಲ್ಲಿ ಇದಕ್ಕೆ ಉಲ್ಟಾ ಆಗಬಹುದು: ಸಾಲು ಮುಗಿಯುವ ಗುರುತಾದ 0ಎ ಇದ್ದಲ್ಲೆಲ್ಲ 0ಡಿ 0ಎ ಆಗಿ ಗಾತ್ರ ಹಿಗ್ಗುತ್ತದೆ, ಹೆಡರಿನ ಲೆಕ್ಕ ತಪ್ಪುತ್ತದೆ.

ಲೆಕ್ಕ ಸರಿಯಿದ್ದೂ ಇಪಿಎಸ್‌ಟೂಲ್ ಒಪ್ಪದಿದ್ದರೆ, ಫೈಲಿನ ಬೇಕಾದ ಭಾಗವನ್ನಷ್ಟೇ ನಕಲಿಸುವ ಡಿಡಿ ಆಜ್ಞೆ ಬಳಸಿ. 30 ಮತ್ತು 102400ರ ಜಾಗದಲ್ಲಿ ನಿಮ್ಮ ಹೆಡರಿನಲ್ಲಿ ಸಿಕ್ಕ ಅಂಕಿ ಹಾಕಿ:

ಡಿಡಿ ಐಎಫ್=ಹಳೆಯದು.ಇಪಿಎಸ್ ಓಎಫ್=ಹೊಸದು.ಇಪಿಎಸ್ ಬಿಎಸ್=1 ಸ್ಕಿಪ್=30 ಕೌಂಟ್=102400

ಬಿಎಸ್=1 ಎಂದರೆ ಒಂದೊಂದೇ ಬೈಟು ನಕಲಿಸುವುದರಿಂದ ದೊಡ್ಡ ಫೈಲಿಗೆ ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ.

ಡಿಸೈನ್ ಬಂತು, ಅಕ್ಷರ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಎಂದಾದರೆ ಹೊರತೆಗೆದದ್ದರಲ್ಲಿ ತಪ್ಪಿಲ್ಲ. ಹಳೇ ನುಡಿ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಇಟ್ಟಿದ್ದವು. ಫಾಂಟು ಫೈಲಿನೊಳಗೆ ಸೇರಿರದಿದ್ದರೆ ಕಂಪ್ಯೂಟರ್ ಬೇರೊಂದನ್ನು ಹಾಕುತ್ತದೆ. ಎಡಿಟರಿನಲ್ಲಿ %%ಡಾಕ್ಯುಮೆಂಟ್‌ನೀಡೆಡ್ ಎಂದು ಶುರುವಾಗುವ ಸಾಲು ಹುಡುಕಿ, ಅಲ್ಲಿ ಹೆಸರಿರುವ ಫಾಂಟನ್ನು ಹಾಕಿಕೊಂಡು ಮತ್ತೆ ತೆರೆಯಿರಿ.