ಮಾರುವವನನ್ನು ಬಿಟ್ಟು ಸೋರುವ ಜಾಗ ಹಿಡಿದೆವು: ಗೇಮ್ ಕೀಗಳ ಗ್ರೇ ಮಾರ್ಕೆಟ್, ನನ್ನ ಅನುಭವ

ಕೀ ಅಂದರೆ ಸ್ಟೀಮ್ (ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ) ಖಾತೆಗೆ ಹಾಕಿ ಆಟ ಪಡೆಯುವ ಕೋಡ್, ಗ್ರೇ ಮಾರ್ಕೆಟ್ ಅಂದರೆ ಆಟ ಮಾಡಿದವರ ಒಪ್ಪಿಗೆಯಿಲ್ಲದೆ ಅದನ್ನು ಮರುಮಾರುವ ತಾಣಗಳು. ಮಾರುವವನ ಬೆನ್ನು ಹತ್ತಬೇಡಿ, ಕೀ ನಮ್ಮ ಕೈಯಿಂದ ಜಾರಿದ್ದು ಎಲ್ಲಿ ಅಂತ ಹುಡುಕಿ ಎಂದಾಗ ಜೊತೆಯ ಡೆವಲಪರ್‌ಗಳು ನಕ್ಕಿದ್ದರು. ಗ್ರೇ ಮಾರ್ಕೆಟ್‌ನಲ್ಲಿ ನಮ್ಮ ಆಟದ ಲಿಸ್ಟಿಂಗ್‌ಗಳು ಅರವತ್ತರ ಆಸುಪಾಸಿನಿಂದ ನಾಲ್ಕೈದಕ್ಕೆ ಇಳಿದಿವೆ. ನಕ್ಕವರೇ ಈಗ ಕೀಗಳ ಲೆಕ್ಕ ಬರೆದಿಟ್ಟ ಶೀಟ್ ಕಳಿಸಿ ಅನ್ನುತ್ತಿದ್ದಾರೆ. ಶೀಟ್ ಕೊಡಲ್ಲ, ಮಾಡಿದ್ದನ್ನು ಹೇಳುತ್ತೇನೆ.

ಮಾರ್ಕೆಟ್‌ಪ್ಲೇಸ್‌ಗಳಿಗೆ 'ತೆಗೆದುಹಾಕಿ' ಅಂತ ಮೇಲ್ ಬರೆಯುವುದು ದಂಡದ ಕೆಲಸ. ಒಂದು ಲಿಸ್ಟಿಂಗ್ ಹೋದರೆ ಅದೇ ಮಾಲು ಇನ್ನೊಂದು ಹೆಸರಲ್ಲಿ ಬರುತ್ತದೆ. ಕದ್ದದ್ದು ಅನ್ನೋದಕ್ಕೆ ಸಾಕ್ಷಿ ಕೊಡಿ ಅನ್ನುತ್ತಾರೆ, ಕೊಳ್ಳದೆ ಕೀ ನಂಬರೇ ನಮಗೆ ಕಾಣುವುದಿಲ್ಲ. ಸಾಕ್ಷಿ ಇದ್ದವರಿಗೆ ಮಾತ್ರ ದುಡ್ಡು ಬಂದಿದೆ. ಫ್ಯಾಕ್ಟೋರಿಯೊ ಆಟ ಮಾಡಿದ ವೂಬ್ ಕಂಪನಿ ಚಾರ್ಜ್‌ಬ್ಯಾಕ್ ಆದ (ಕಾರ್ಡಿನ ಮಾಲೀಕರ ದೂರಿನ ಮೇಲೆ ಬ್ಯಾಂಕ್ ದುಡ್ಡು ವಾಪಸ್ ಎಳೆದುಕೊಂಡ) 321 ಕೀಗಳ ಪಟ್ಟಿ ಇಟ್ಟುಕೊಂಡಿತ್ತು. ಅದರಲ್ಲಿ 198 ಜಿ2ಎ ಅನ್ನುವ ಮಾರ್ಕೆಟ್‌ಪ್ಲೇಸ್‌ನಲ್ಲೇ ಮಾರಾಟವಾಗಿವೆ ಅಂತ ಗೊತ್ತಾದ ಮೇಲೆ 2020ರಲ್ಲಿ ಅದು 39,600 ಡಾಲರ್ ಕೊಟ್ಟಿತು. ಪಟ್ಟಿ ಇಲ್ಲದಿದ್ದರೆ ಆ ಮಾತೇ ಏಳುತ್ತಿರಲಿಲ್ಲ.

ಒಟ್ಟಿಗೆ ಪಡೆದ ಇಡೀ ಬ್ಯಾಚ್ ಕೀಗಳನ್ನು ಬ್ಯಾನ್ (ರದ್ದು) ಮಾಡುವುದು ಇನ್ನೂ ಕೆಟ್ಟದ್ದು. 2015ರಲ್ಲಿ ಯೂಬಿಸಾಫ್ಟ್ ಕದ್ದ ಕಾರ್ಡಿನಲ್ಲಿ ಕೊಂಡ ಫಾರ್ ಕ್ರೈ 4 ಕೀಗಳನ್ನು ರದ್ದು ಮಾಡಿತು. ಆಡುತ್ತಿದ್ದವರು ರೊಚ್ಚಿಗೆದ್ದರು, ಆಗಲೇ ಆಕ್ಟಿವೇಟ್ ಮಾಡಿದವರಿಗೆ ಅದು ಆಟ ವಾಪಸ್ ಕೊಡಬೇಕಾಯಿತು. ನಮ್ಮಂಥ ಸಣ್ಣವರಿಗೆ ಅಷ್ಟು ಬೈಗುಳ ತಡೆಯುವ ಶಕ್ತಿ ಇಲ್ಲ. ಆದರೆ ರೇಟಿಂಗ್ ಬಿದ್ದುಹೋಗುತ್ತದೆ ಅನ್ನುವ ಭಯ ಬೇಡ: 2016ರ ಸೆಪ್ಟೆಂಬರ್‌ನಿಂದ ಕೀ ಹಾಕಿ ಪಡೆದವರ ರಿವ್ಯೂ ಸ್ಟೀಮ್ ಸ್ಕೋರಿಗೆ ಲೆಕ್ಕವಿಲ್ಲ. ಬರಹ ಪುಟದಲ್ಲಿ ಕಾಣುತ್ತದೆ, ಅಷ್ಟೇ.

ಕೆಲಸಕ್ಕೆ ಬಂದದ್ದು ಟ್ಯಾಗ್, ಅಂದರೆ ಬ್ಯಾಚಿಗೆ ಕೊಡುವ ಗುರುತಿನ ಹೆಸರು. ಸ್ಟೀಮ್‌ವರ್ಕ್ಸ್‌ನಲ್ಲಿ (ಡೆವಲಪರ್‌ಗಳಿಗಾಗಿ ಸ್ಟೀಮ್ ಇಟ್ಟಿರುವ ತಾಣ) ಕೀ ಕೇಳುವಾಗ ಟ್ಯಾಗ್ ಬರೆಯುವ ಜಾಗದಲ್ಲಿ ಬಹುಪಾಲು ಜನ 'ಪ್ರೆಸ್' ಅಂತ ಗೀಚಿ 500 ಇಳಿಸಿಕೊಂಡು ಸುಮ್ಮನಾಗುತ್ತಾರೆ. ಬ್ಯಾಚ್ ಚಿಕ್ಕದಾಗಿರಲಿ, 25 ಅಥವಾ 50. ನಮ್ಮದೇ ಆನ್‌ಲೈನ್ ಅಂಗಡಿಗೆ ಬೇರೆ, ಸ್ಟ್ರೀಮರ್‌ಗಳಿಗೆ ಬೇರೆ, ಬಂಡಲ್‌ಗೆ (ಹಲವು ಆಟ ಸೇರಿಸಿ ಅಗ್ಗಕ್ಕೆ ಮಾರುವ ಕಟ್ಟು) ಬೇರೆ, ಗಿವ್‌ಅವೇಗೆ (ಪುಕ್ಕಟೆ ಹಂಚಿಕೆ) ಬೇರೆ. ಶೀಟಿನಲ್ಲಿ ಪ್ರತಿ ಕೀಗೂ ಒಂದು ಸಾಲು: ಯಾರಿಗೆ, ಯಾವ ವಿಳಾಸಕ್ಕೆ, ಯಾವ ತಾರೀಕು, ಯಾವ ಆರ್ಡರ್. ಬೇಜಾರಿನ ಕೆಲಸ, ಆದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ.

ಆಮೇಲೆ ನಮ್ಮ ಆಟವನ್ನು ನಾವೇ ಗ್ರೇ ಮಾರ್ಕೆಟ್‌ನಲ್ಲಿ ಕೊಳ್ಳಬೇಕು. ಅತಿ ಅಗ್ಗದ್ದನ್ನು ಮುಟ್ಟಬೇಡಿ, ಅದು ಸಾಮಾನ್ಯವಾಗಿ ಬಂಡಲ್‌ನಲ್ಲಿ ಉಳಿದ ಕೀ. ನೋಡಬೇಕಾದದ್ದು ಹೊಸ ಮಾರಾಟಗಾರ, ಸ್ಟಾಕ್ ಮೂವತ್ತರ ಮೇಲೆ, ಬೆಲೆ ಅಸಲಿನ ಅರ್ಧದ ಹತ್ತಿರ. ನಮ್ಮ ಆಟ 15 ಡಾಲರ್. ಇಂಥವು 7–8ಕ್ಕೆ ಸಿಗುತ್ತಿದ್ದವು. ಒಟ್ಟು ಇನ್ನೂರು ಡಾಲರ್ ಹೋಗಿರಬಹುದು. ಬಂದ ಕೀಯನ್ನು ರಿಡೀಮ್ ಮಾಡದೆ (ಖಾತೆಗೆ ಹಾಕಿಕೊಳ್ಳದೆ) ಸ್ಟೀಮ್‌ವರ್ಕ್ಸ್‌ನ ಕೀ ಹುಡುಕುವ ಪುಟದಲ್ಲಿ ಹಾಕಿ. ಟ್ಯಾಗ್, ಆಕ್ಟಿವೇಟ್ ಆಗಿದೆಯೋ ಇಲ್ಲವೋ ಎರಡೂ ಸಿಗುತ್ತವೆ. ಶೀಟಿಗೆ ಬಂದರೆ ಆರ್ಡರ್ ಸಿಗುತ್ತದೆ. ಒಂದು ಸಲ ಸಿಕ್ಕ ಗೊಂಚಲು ಹೀಗಿತ್ತು: ಒಂದೇ ಸಂಜೆಯ ಆರ್ಡರ್‌ಗಳು, ಕೊನೆಯ ಅಂಕಿ ಮಾತ್ರ ಬೇರೆಯಾದ ಮೇಲ್ ವಿಳಾಸಗಳು, ಕಾರ್ಡಿನ ಮೊದಲ ಅಂಕಿಗಳು ಹೇಳುವ ದೇಶ ಒಂದು, ಐಪಿ ತೋರಿಸುವ ದೇಶ ಇನ್ನೊಂದು. ಅವರು ಕೊಂಡು ಇನ್ನೂ ಯಾರೂ ಹಾಕದ ಕೀಗಳನ್ನಷ್ಟೇ ಬ್ಯಾನ್ ಮಾಡಿದೆವು. ಹಾಕಿ ಆಡುತ್ತಿದ್ದವರ ತಂಟೆಗೆ ಹೋಗಲಿಲ್ಲ.

ಕದ್ದ ಕಾರ್ಡಿನ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ, ಆದರೂ ಯಾರೂ ಕೂಡಿಸಿ ನೋಡುವುದಿಲ್ಲ. ಚಾರ್ಜ್‌ಬ್ಯಾಕ್ ಆದರೆ 15 ಡಾಲರ್ ವಾಪಸ್, ಗೇಟ್‌ವೇ (ಪಾವತಿ ನಡೆಸಿಕೊಡುವ ಕಂಪನಿ) ಹಾಕುವ ಡಿಸ್‌ಪ್ಯೂಟ್ ಶುಲ್ಕ ಇನ್ನೊಂದು 15. ಒಂದು ಕೀಗೆ ಮೂವತ್ತು ಡಾಲರ್ ಕೈಯಿಂದ ಹೋಯಿತು, ಕೀಯೂ ಹೋಯಿತು. ದೂರು ಬರುವುದು ವಾರಗಳ ನಂತರ. ಡಿಸ್‌ಪ್ಯೂಟ್ ಪ್ರಮಾಣ ಶೇಕಡಾ ಒಂದೆರಡರ ಹತ್ತಿರ ಬಂದರೆ ಕಾರ್ಡ್ ಕಂಪನಿಗಳು ಕಣ್ಣಿಡುತ್ತವೆ. ನಮ್ಮದು ಒಂದು ಹಂತದಲ್ಲಿ ಶೇಕಡಾ ಐದಾರು ಇತ್ತು.

ಇದಕ್ಕೆ 3ಡಿ ಸೆಕ್ಯೂರ್ (ಕೊಳ್ಳುವವನು ಕಾರ್ಡಿನ ಮಾಲೀಕನೇ ಅಂತ ಬ್ಯಾಂಕ್ ಒಟಿಪಿಯಂಥದ್ದು ಕೇಳಿ ಖಚಿತ ಮಾಡಿಕೊಳ್ಳುವುದು) ಕಡ್ಡಾಯ ಮಾಡಿದೆವು. ಆ ಹೆಜ್ಜೆ ದಾಟಿದ ಪಾವತಿಯಲ್ಲಿ ಮೋಸದ ಹೊಣೆ ಬಹುಮಟ್ಟಿಗೆ ಕಾರ್ಡ್ ಕೊಟ್ಟ ಬ್ಯಾಂಕಿನದು. ನೂರರಲ್ಲಿ ನಾಲ್ಕೈದು ಅಸಲಿ ಗಿರಾಕಿಗಳು ಅಲ್ಲೇ ಬಿಟ್ಟುಹೋಗುತ್ತಾರೆ, ಹೋಗಲಿ. ಒಂದು ಆರ್ಡರಿಗೆ ಎರಡೇ ಪ್ರತಿ. ಅನುಮಾನದ ಆರ್ಡರಿಗೆ ಕೀ ತಕ್ಷಣ ತೋರಿಸದೆ ಸುಮಾರು 12 ಗಂಟೆ ತಡೆದು ಲಿಂಕ್ ಕಳಿಸುವುದು. ಕೀಯನ್ನು ಆರ್ಡರಿಗೆ ಕಟ್ಟುವುದೂ ಲಿಂಕ್ ಒತ್ತಿದಾಗಲೇ, ಹಾಗಾಗಿ ರದ್ದಾದ ಆರ್ಡರಿಗೆ ಕೀ ಹಾಳಾಗುವುದಿಲ್ಲ. ಮರುಮಾರಾಟದವನಿಗೆ ಬೇಕಾದದ್ದು ತಕ್ಷಣ ಡೆಲಿವರಿ. ತಡ ಅಂದರೆ ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ. ಎಲ್ಲರಿಗೂ ತಡೆದು ನೋಡಿದಾಗ ಸಪೋರ್ಟ್ ಮೇಲ್ ಹೊಳೆಯಾಗಿ ಹರಿಯಿತು, ಆದ್ದರಿಂದ ಅನುಮಾನದವರಿಗೆ ಮಾತ್ರ. ಅನುಮಾನ ಅಳೆಯುವ ಅಂಕ ಹೇಗೆ ಹಾಕುತ್ತೇವೆ ಅನ್ನೋದು ನಮ್ಮಲ್ಲೇ ಇರಲಿ, ಬರೆದರೆ ನಾಳೆಯೇ ಕೆಲಸಕ್ಕೆ ಬಾರದು.

ಇನ್ನೊಂದು ತೂತು ಪುಕ್ಕಟೆ ಕೀ ಕೇಳುವವರದು. ದೊಡ್ಡ ಯೂಟ್ಯೂಬರ್ ಹೆಸರಲ್ಲಿ ಮೇಲ್, ವಿಳಾಸದಲ್ಲಿ ಒಂದಕ್ಷರ ವ್ಯತ್ಯಾಸ, ಜೊತೆಗೆ 'ನನಗೆ ಎರಡು, ಗಿವ್‌ಅವೇಗೆ ಮೂರು'. ಬಂದ ಮೇಲಿಗೆ ರಿಪ್ಲೈ ಒತ್ತಲೇಬೇಡಿ. ಚಾನೆಲ್ ಪುಟದಲ್ಲಿರುವ ವಿಳಾಸವನ್ನು ತೆಗೆದುಕೊಂಡು ಅದಕ್ಕೆ ಹೊಸದಾಗಿ ಬರೆಯಿರಿ. ಹತ್ತರಲ್ಲಿ ಎಂಟು ಕಡೆಯಿಂದ 'ನಾವು ಕೇಳಿಯೇ ಇಲ್ಲ' ಅಂತ ಉತ್ತರ. ಸ್ಟೀಮ್ ಕ್ಯುರೇಟರ್‌ಗಳಿಗೆ (ಸ್ಟೀಮ್‌ನಲ್ಲಿ ಆಟಗಳನ್ನು ಶಿಫಾರಸು ಮಾಡುವವರು) ಕೀಯೇ ಬೇಡ. 2017ರಿಂದ ಕ್ಯುರೇಟರ್ ಕನೆಕ್ಟ್ ಇದೆ, ಪ್ರತಿ ನೇರ ಅವರ ಖಾತೆಗೆ ಹೋಗುತ್ತದೆ. ಅದು ಬೇಡ, ಮೇಲ್‌ನಲ್ಲಿ ಕೀಯೇ ಬೇಕು ಅಂತ ಹಟ ಹಿಡಿದವನು ಏನು ಮಾಡಹೊರಟಿದ್ದಾನೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ಪ್ರಯೋಗ ನಡೆಸಿದೆವು. 2022ರಲ್ಲಿ ಬ್ರಾಕ್ ದಿ ಇನ್ವೆಸ್ಟಿಗೇಟರ್ ಆಟ ಮಾಡಿದವರು ಅನುಮಾನದ ಕ್ಯುರೇಟರ್‌ಗಳಿಗೆ ಪೂರ್ತಿ ಆಟದ ಬದಲು ಪುಕ್ಕಟೆ ಪ್ರೊಲಾಗ್‌ನ (ಆಟದ ಆರಂಭದ ಭಾಗ) ಕೀ ಕಳಿಸಿದ್ದರು. ಆಮೇಲೆ ಕೆಲವರ ಶಿಫಾರಸು ಇದ್ದಕ್ಕಿದ್ದಂತೆ ನೆಗೆಟಿವ್ ಆಯಿತು. ನಾವೂ ಡೆಮೊ ಕೀ ಕಳಿಸಿದೆವು. ಮಜಾ ಬಂತು, ಉಪಯೋಗ ಅಷ್ಟಕ್ಕಷ್ಟೆ: ಆ ಕೀಗಳನ್ನು ಕೊಂಡ ಅಮಾಯಕರು ನಮ್ಮ ಸಪೋರ್ಟಿಗೇ ಬಂದು ಕೂಗಾಡಿದರು. ನಿಲ್ಲಿಸಿದೆವು.

ಪ್ರದೇಶ ಲಾಕ್, ಅಂದರೆ ಕೀ ಕೆಲವು ದೇಶಗಳಲ್ಲಿ ಮಾತ್ರ ಓಡುವಂತೆ ಮಾಡುವುದು, ಕೂಡ ಅರ್ಧ ಮದ್ದು. ಆಕ್ಟಿವೇಶನ್‌ಗೆ ಮಾತ್ರ ಲಾಕ್ ಹಾಕಿದರೆ ವಿಪಿಎನ್‌ನಲ್ಲಿ ದಾಟುತ್ತಾರೆ, ಆಡುವುದಕ್ಕೂ ಹಾಕಿದರೆ ಪ್ರಯಾಣದಲ್ಲಿರುವ ಅಸಲಿ ಗಿರಾಕಿ ಸಿಕ್ಕಿಬೀಳುತ್ತಾನೆ.

ರಿಡೀಮ್ ದೂರುಗಳೂ ಸುಳಿವು ಕೊಡುತ್ತವೆ. 'ಈಗಾಗಲೇ ಬಳಸಲಾಗಿದೆ' ಅಂತ ಬಂದರೆ ಆಕ್ಟಿವೇಟ್ ಆದ ಸಮಯ ನೋಡಿ. ನಾವು ಕೀ ಕೊಡುವ ಮೊದಲೇ ಆಗಿದ್ದರೆ ಸೋರಿಕೆ ನಮ್ಮಲ್ಲಿ. ಕೊಟ್ಟ ನಿಮಿಷಗಳಲ್ಲೇ ಆಗಿದ್ದರೆ ಬಹುಪಾಲು ಅವರದೇ ಇನ್ನೊಂದು ಖಾತೆ. 'ಈ ಆಟ ನಿಮ್ಮ ಬಳಿ ಇದೆ' ಅಂದರೆ ಕೀ ಖರ್ಚಾಗಿಲ್ಲ, ಗೆಳೆಯರಿಗೆ ಕೊಡಬಹುದು. ಮತ್ತೆ ಮತ್ತೆ ತಪ್ಪು ಒತ್ತಿದರೆ ಸ್ಟೀಮ್ ಸುಮಾರು ಒಂದು ಗಂಟೆ ತಡೆಯುತ್ತದೆ, ಆ ಹೊತ್ತಿನಲ್ಲಿ ಸರಿಯಾದ ಕೀಯೂ ಓಡುವುದಿಲ್ಲ, ಅಂಥವರಿಗೆ ಗಾಬರಿಯಲ್ಲಿ ಹೊಸ ಕೀ ಕೊಡಬೇಡಿ. ಕೀಯನ್ನು ಚಿತ್ರವಾಗಿ ಕಳಿಸಲೂಬೇಡಿ, ಬಿ ಮತ್ತು 8 ಅದಲುಬದಲಾಗಿ ಅರ್ಧ ದೂರು ಅಲ್ಲೇ ಹುಟ್ಟುತ್ತದೆ.

ಉಳಿದ ನಾಲ್ಕೈದು ಲಿಸ್ಟಿಂಗ್ ಬಂಡಲ್‌ನವು. ಯಾರೋ ದುಡ್ಡು ಕೊಟ್ಟು ಕೊಂಡು, ಬೇಡದ್ದನ್ನು ಒಂದೆರಡು ಡಾಲರಿಗೆ ಮಾರುತ್ತಿದ್ದಾರೆ. ಅವನ್ನು ಹಾಗೇ ಬಿಟ್ಟಿದ್ದೇವೆ, ಮುಂದಿನ ಬಂಡಲ್ ಬೆಲೆ ಮಾತಾಡುವಾಗ ಆ ನಷ್ಟವನ್ನೂ ಸೇರಿಸಿ ಕೇಳುತ್ತೇವೆ.