ಎಷ್ಟರಿಂದ ಎಷ್ಟಕ್ಕೆ? ಆರೋಗ್ಯ ಸುದ್ದಿಯ ಬೆನ್ನು ಹತ್ತಿದವನ ಅನುಭವ

ಆರೋಗ್ಯದ ಬಗ್ಗೆ ಬರುವ ಸುದ್ದಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಇಂಥದ್ದು ತಿಂದರೆ ಕ್ಯಾನ್ಸರ್ ಬರುತ್ತೆ, ಇಂಥದ್ದು ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತೆ ಅನ್ನುವಂಥವು. ಪತ್ರಿಕೆ, ಟಿವಿಗಳಲ್ಲಿ ಬರುವ ಇಂಥ ಸುದ್ದಿಗಳಲ್ಲಿ ಅಪ್ಪಟ ಸುಳ್ಳು ಕಡಿಮೆಯೇ. ಎಲ್ಲೋ ಒಂದು ಅಧ್ಯಯನ ನಡೆದಿರುತ್ತದೆ, ಯಾರೋ ಏನೋ ಕಂಡಿರುತ್ತಾರೆ. ಅದು ಸುದ್ದಿಯಾಗಿ ನಮ್ಮ ಕೈ ಸೇರುವಷ್ಟರಲ್ಲಿ ಅರ್ಧ ಮಾಹಿತಿ ದಾರಿಯಲ್ಲೇ ಉದುರಿಹೋಗಿರುತ್ತದೆ. ಉದುರಿದ್ದನ್ನು ಹುಡುಕಿ ತರುವುದರಲ್ಲೇ ನನ್ನ ಮುಕ್ಕಾಲು ಪಾಲು ಸಮಯ ಹೋಗುತ್ತದೆ.

ಮೊದಲು ಹೇಳಿಕೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ ಬರೆದುಕೊಳ್ಳುತ್ತೇನೆ. ಯಾರು, ಏನನ್ನು, ಎಷ್ಟು, ಎಷ್ಟು ಕಾಲ ತಗೊಂಡರೆ ಏನಾಗುತ್ತದೆ? ‘ಹೃದಯಕ್ಕೆ ಒಳ್ಳೆಯದು’ ಅಂತ ಸುಮ್ನೆ ಹೇಳಿದರೆ ಪರಿಶೀಲಿಸಲು ಏನೂ ಸಿಗುವುದಿಲ್ಲ. ಹೃದಯಾಘಾತ ಕಡಿಮೆಯಾಯಿತಾ, ಇಲ್ಲಾ ರಕ್ತಪರೀಕ್ಷೆಯಲ್ಲಿ ಒಂದು ಅಂಕಿ ಕೊಂಚ ಇಳಿಯಿತಾ? ಎರಡಕ್ಕೂ ಅಜಗಜಾಂತರ. ಆ ವಾಕ್ಯದಲ್ಲಿ ಖಾಲಿ ಉಳಿದ ಜಾಗಗಳೇ ಮುಂದೆ ನನ್ನ ಪ್ರಶ್ನೆಗಳಾಗುತ್ತವೆ.

ಆಮೇಲೆ ಸುದ್ದಿಯಿಂದ ಪ್ರೆಸ್ ನೋಟ್‌ಗೆ, ಅಲ್ಲಿಂದ ಮೂಲ ಪೇಪರ್‌ಗೆ, ಅಂದರೆ ವಿಜ್ಞಾನಿಗಳೇ ಬರೆದ ಸಂಶೋಧನಾ ಲೇಖನಕ್ಕೆ, ಹಿಂದಕ್ಕೆ ಹೋಗುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಮಜಾ ಗೊತ್ತಾಗುತ್ತದೆ. ಬೈಗುಳವೆಲ್ಲ ವರದಿಗಾರನ ಪಾಲಿಗೆ ಬರುತ್ತದೆ, ಆದರೆ ಉಬ್ಬಿಸುವ ಕೆಲಸ ಎಷ್ಟೋ ಸಲ ಅದಕ್ಕೂ ಮೊದಲೇ ಆಗಿರುತ್ತದೆ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ 462 ಪ್ರೆಸ್ ನೋಟ್‌ಗಳನ್ನು ಮೂಲ ಪೇಪರ್‌ಗಳ ಜೊತೆ ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸುಮಾರು ಶೇ. 40ರಷ್ಟರಲ್ಲಿ ಜನರಿಗೆ ಕೊಟ್ಟ ಸಲಹೆ ಪೇಪರ್ ಹೇಳಿದ್ದಕ್ಕಿಂತ ಜಾಸ್ತಿಯಾಗಿತ್ತು. ಹಾಗಾಗಿ ವಿಶ್ವವಿದ್ಯಾಲಯದ ಮುದ್ರೆ ಕಂಡ ತಕ್ಷಣ ನಾನು ಸಡಿಲ ಬಿಡುವುದಿಲ್ಲ.

ಪೇಪರ್‌ನಲ್ಲಿ ಸಾರಾಂಶ ಬಿಟ್ಟು ನೇರ ವಿಧಾನದ ಭಾಗಕ್ಕೆ ಹೋಗುತ್ತೇನೆ. ಪ್ರಯೋಗ ನಡೆದದ್ದು ಯಾರ ಮೇಲೆ? ಬಹಳ ಸಲ ಉತ್ತರ: ಇಲಿಗಳ ಮೇಲೆ. ಜೇಮ್ಸ್ ಹೀದರ್ಸ್ ಎಂಬ ವಿಜ್ಞಾನಿ 2019ರಲ್ಲಿ ಇದಕ್ಕೆಂದೇ ಟ್ವಿಟರ್‌ನಲ್ಲಿ ಒಂದು ಖಾತೆ ತೆರೆದರು. ದೊಡ್ಡ ದೊಡ್ಡ ಸುದ್ದಿಗಳನ್ನು ಹಂಚಿ, ಮೇಲೆ ‘ಇಲಿಗಳಲ್ಲಿ’ ಅಂತಷ್ಟೇ ಸೇರಿಸುತ್ತಿದ್ದರು. ಅಷ್ಟು ಸಾಕಿತ್ತು.

ಮನುಷ್ಯರ ಮೇಲೆಯೇ ನಡೆದಿದ್ದರೆ, ಎಷ್ಟು ಜನ, ಏನೇನು ಅಳೆದರು ಅಂತ ನೋಡುತ್ತೇನೆ. ‘ಎಷ್ಟು ಜನ’ ಅಂತ ಎಲ್ಲರೂ ಕೇಳುತ್ತಾರೆ. ‘ಎಷ್ಟು ಸಂಗತಿ ಅಳೆದರು’ ಅಂತ ಕೇಳುವವರು ಕಡಿಮೆ. 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕಂತಲೇ ಒಂದು ಕಳಪೆ ಪ್ರಯೋಗ ಮಾಡಿ, ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ ಅಂತ ಪ್ರಕಟಿಸಿದ. ಹಲವು ದೇಶಗಳ ಮಾಧ್ಯಮಗಳು ನಂಬಿ ಬರೆದವು. ಅಂಕಿಗಳನ್ನು ಆತ ತಿದ್ದಿರಲಿಲ್ಲ. ಹದಿನೈದು ಜನರಲ್ಲಿ ತೂಕ, ಕೊಲೆಸ್ಟರಾಲ್, ನಿದ್ದೆ ಅಂತ 18 ಸಂಗತಿ ಅಳೆದಿದ್ದ. ಒಂದೊಂದರಲ್ಲೂ ಬರೀ ಅದೃಷ್ಟದಿಂದ ಫಲಿತಾಂಶ ಬರುವ ಸಾಧ್ಯತೆ ಶೇ. 5 ಅಂದುಕೊಂಡರೂ, 18ರಲ್ಲಿ ಯಾವುದಾದರೂ ಒಂದು ‘ಗೆಲ್ಲುವ’ ಸಾಧ್ಯತೆ ಸುಮಾರು ಶೇ. 60. ಗೆದ್ದದ್ದೇ ಹೆಡ್‌ಲೈನ್ ಆಯಿತು. ಅದಕ್ಕೇ ನಾನು ಪ್ರಯೋಗ ಶುರುವಾಗುವ ಮೊದಲು ಅವರು ಏನು ಅಳೆಯುತ್ತೇವೆ ಅಂದಿದ್ದರು ಅಂತ ಕ್ಲಿನಿಕಲ್ ಟ್ರಯಲ್ಸ್ ನೋಂದಣಿಯಲ್ಲಿ (ಮನುಷ್ಯರ ಮೇಲಿನ ಪ್ರಯೋಗಗಳ ವಿವರ ದಾಖಲಿಸುವ ಪಟ್ಟಿಯಲ್ಲಿ) ಹುಡುಕುತ್ತೇನೆ. ಅಲ್ಲಿ ಒಂದು, ಪೇಪರ್‌ನಲ್ಲಿ ಇನ್ನೊಂದು ಇದ್ದರೆ ಅನುಮಾನ ಶುರು.

ಪೌಷ್ಟಿಕಾಂಶದ ಸುದ್ದಿಗಳಲ್ಲಿ ಇನ್ನೊಂದು ಪೇಚು ಇದೆ. ಹೆಚ್ಚಿನವು ಪ್ರಯೋಗಗಳೇ ಅಲ್ಲ. ಏನು ತಿಂದಿರಿ, ವಾರಕ್ಕೆ ಎಷ್ಟು ಸಲ ಅಂತ ಜನರನ್ನು ಕೇಳಿ, ವರ್ಷಗಟ್ಟಲೆ ಕಾದು, ಯಾರಿಗೆ ಏನಾಯಿತು ಅಂತ ನೋಡಿದಂಥವು. ಹಣ್ಣು ತರಕಾರಿ ಜಾಸ್ತಿ ತಿನ್ನುವವರು ಸಾಮಾನ್ಯವಾಗಿ ಕಡಿಮೆ ಸಿಗರೇಟು ಸೇದುತ್ತಾರೆ, ಹೆಚ್ಚು ನಡೆಯುತ್ತಾರೆ, ಡಾಕ್ಟರ ಹತ್ತಿರವೂ ಹೋಗುತ್ತಾರೆ. ಯಾವುದರಿಂದ ಲಾಭವಾಯಿತು ಅಂತ ಬಿಡಿಸುವುದು ಕಷ್ಟ, ಅಲ್ವಾ? ಕ್ಯಾರೆಟ್‌ನಂಥ ತರಕಾರಿಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಪೋಷಕಾಂಶದ ಕತೆ ಹೀಗೇ ಆಯಿತು. ಅದು ಇರುವ ಆಹಾರ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಕಂಡಿತ್ತು. ಸರಿ, ಮಾತ್ರೆ ಮಾಡಿ ಕೊಡೋಣ ಅಂತ ಫಿನ್ಲೆಂಡ್‌ನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ಪ್ರಯೋಗ ಮಾಡಿದರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತಗೊಂಡವರಲ್ಲಿ ಆ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯೇ ಆಗಿತ್ತು. ‘ಇದನ್ನು ತಿನ್ನುವವರು ಆರೋಗ್ಯವಾಗಿದ್ದಾರೆ’ ಅನ್ನುವ ಸುದ್ದಿ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ಶೇಕಡಾ ಲೆಕ್ಕಕ್ಕೆ ಬರೋಣ. ನನ್ನ ಪ್ರಕಾರ ಅತಿ ಹೆಚ್ಚು ಮಾಹಿತಿ ಉದುರುವ ಜಾಗ ಇದು.

2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಸಂಸ್ಕರಿತ ಮಾಂಸವನ್ನು (ಸಾಸೇಜ್, ಬೇಕನ್ ಥರದ್ದು) ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18 ಹೆಚ್ಚು ಅಂತ ಹೇಳಿತು. ತಂಬಾಕು ಕೂಡ ಮೊದಲ ಗುಂಪಿನಲ್ಲೇ ಇದೆ. ತಗೊಳ್ಳಿ, ‘ಸಿಗರೇಟಿನಷ್ಟೇ ಅಪಾಯಕಾರಿ’ ಅಂತ ಹೆಡ್‌ಲೈನ್ ಹೊಡೆದರು. ಆದರೆ ಆ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು. ಅಪಾಯ ಎಷ್ಟು ದೊಡ್ಡದು ಅನ್ನುವುದನ್ನು ಅವು ಹೇಳುವುದಿಲ್ಲ. ಸೂರ್ಯನ ಬಿಸಿಲೂ ಅದೇ ಮೊದಲ ಗುಂಪಿನಲ್ಲಿದೆ.

ಇನ್ನು ಆ ಶೇ. 18. ಜೊತೆಗೆ ಕೆಲಸ ಮಾಡುವ ಹುಡುಗಿಗೆ ಕಾಗದದ ಮೇಲೆ ಹೀಗೆ ತೋರಿಸಿದೆ. ಜೀವಮಾನದಲ್ಲಿ ನೂರು ಜನರಲ್ಲಿ ಐವರಿಗೆ ಈ ಕ್ಯಾನ್ಸರ್ ಬರುತ್ತದೆ ಅಂದುಕೋ. ಐದರ ಶೇ. 18 ಅಂದರೆ 0.9. ಆ ನೂರೂ ಜನ ದಿನಾ 50 ಗ್ರಾಂ ತಿಂದರೆ ಐದು ಇದ್ದದ್ದು ಸುಮಾರು ಆರಾಗುತ್ತದೆ. ನೂರರಲ್ಲಿ ಒಬ್ಬರು ಜಾಸ್ತಿ.

“ಸರ್, ಹೀಗೆ ಬರೆದರೆ ಸುದ್ದಿ ಚಪ್ಪೆ ಆಗಲ್ವಾ?” ಅಂದಳು.

ಆಗಲಿ. ಒಬ್ಬರು ಅಂದರೂ ಒಂದು ಜೀವವೇ, ಅದನ್ನೂ ಬರೆಯಬೇಕು. ಓದುಗರು ತಮ್ಮ ತೀರ್ಮಾನ ತಾವು ತಗೊಳ್ಳಲು ಐದು, ಆರು ಎರಡೂ ಅಂಕಿ ಕೊಡಬೇಕು. ಅಪಾಯ ‘ಎಷ್ಟು ಪಟ್ಟು’ ಅಂತ ಮಾತ್ರ ಬರೆದು ‘ಎಷ್ಟರಿಂದ ಎಷ್ಟಕ್ಕೆ’ ಅಂತ ಬರೆಯದ ಸುದ್ದಿಯನ್ನು ನಾನು ವಾಪಸ್ ಕಳಿಸುತ್ತೇನೆ.

ತಜ್ಞರಿಗೆ ಫೋನ್ ಮಾಡುವುದು ಇದೆಲ್ಲ ಮುಗಿದ ಮೇಲೆ. ಮೊದಲೇ ಮಾಡಿದರೆ ಅವರು ಹೇಳಿದ್ದನ್ನು ತೂಗಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ‘ಇದು ನಿಜವಾ ಡಾಕ್ಟ್ರೇ?’ ಅಂತ ಕೇಳಿದರೆ ‘ಹೌದು, ಆದರೆ ಇನ್ನೂ ಸಂಶೋಧನೆ ಆಗಬೇಕು’ ಅನ್ನುವ ಸಿದ್ಧ ಉತ್ತರ ಸಿಗುತ್ತದೆ. ‘ಈ ಪೇಪರ್ ನೋಡಿ ನಿಮ್ಮ ರೋಗಿಗಳಿಗೆ ಹೇಳುವ ಮಾತು ಬದಲಾಯಿಸುತ್ತೀರಾ?’ ಅಂತ ಕೇಳಿದರೆ ಮನಸ್ಸಿನಲ್ಲಿದ್ದದ್ದು ಹೊರಬರುತ್ತದೆ. ಬಿಳಿ ಕೋಟು ಹಾಕಿಕೊಂಡು ಮಾತಾಡುವ ವಿಡಿಯೊಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ವ್ಯಕ್ತಿ ಯಾರು, ಯಾವುದರಲ್ಲಿ ಓದಿದ್ದಾರೆ, ಏನನ್ನು ಮಾರುತ್ತಿದ್ದಾರೆ ಅಂತ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಬರುವ ಎಲ್ಲವನ್ನೂ ಪರಿಶೀಲಿಸಲು ಯಾರಿಗೂ ಪುರುಸೊತ್ತಿಲ್ಲ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಅನ್ನುವುದಕ್ಕೆ ನನ್ನ ಅಳತೆ ಒಂದೇ: ಇದನ್ನು ನಂಬಿದವರು ಏನು ಬಿಟ್ಟುಬಿಡುತ್ತಾರೆ? 1995ರಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅಂತ ಎಚ್ಚರಿಕೆ ಹೊರಬಿತ್ತು. ಲೆಕ್ಕ ತಪ್ಪಿರಲಿಲ್ಲ. ಏಳು ಸಾವಿರ ಹೆಂಗಸರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ ಆಗಿತ್ತು. ಎಷ್ಟೋ ಹೆಂಗಸರು ಹೆದರಿ ಮಾತ್ರೆ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಹೆಚ್ಚಾಯಿತು ಅಂತ ಅಂದಾಜು.

ಹಾಗಾಗಿ ಮಾತ್ರೆ ಬಿಡಿಸುವಂಥ ಸುದ್ದಿ ಬಂದರೆ ಕೈಯಲ್ಲಿರುವ ಕೆಲಸ ಪಕ್ಕಕ್ಕಿಟ್ಟು ಅದನ್ನೇ ಹಿಡಿಯುತ್ತೇನೆ. ಡಾಕ್ಟರನ್ನು ಕೇಳದೆ ಔಷಧಿ ನಿಲ್ಲಿಸಬೇಡಿ ಅನ್ನುವ ಸಾಲು ಮೊದಲ ಪ್ಯಾರಾದಲ್ಲೇ ಹೋಗುತ್ತದೆ. ಲೆಕ್ಕಾಚಾರವೆಲ್ಲ ಅದರ ಕೆಳಗೆ.